ರಸೆಲ್‌ನ ಸಂಜೆಗಳು

ಬಸ್ಸಿಳಿದು ರಸೆಲ್‌ನ ಫ್ಲ್ಯಾಟಿನ ಕಡೆ ತಿರುಗುವ ಮೂಲೆಯಲ್ಲಿ, ಇನ್ನೂ ಬಾಗಿಲು ತೆಗೆಯದ ಚಿಪ್ಸ್ ಅಂಗಡಿಯ ಗೋಡೆಗೆ ಒರಗಿಕೊಂಡು ಕ್ರೇಗ್ ನಿಂತಿದ್ದ. ಅವನು ಊರು ಬಿಟ್ಟು ಲೀಡ್ಸ್ ಕಡೆ ಹೋಗಿದ್ದಾನೆಂದು ಯಾರೋ ಹೇಳಿದ್ದರು. ಅದನ್ನೇ ನಂಬಿಕೊಂಡು ಇಷ್ಟು ದಿನ ನಿದ್ದೆ ಮಾಡಿದ್ದೆ. ತಲೆ ತಗ್ಗಿಸಿ ದಾಟಿಬಿಡೋಣ ಎಂದುಕೊಂಡೆ. ಆಗಲಿಲ್ಲ.

"ಏನ್ ಟೀಚರಮ್ಮ, ಗುರುತು ಸಿಗ್ಲಿಲ್ವಾ?"

ನಾನು ಟೀಚರಲ್ಲ. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಅದು ಅವನಿಗೂ ಗೊತ್ತು.

"ರಸ್ ಹೆಂಗಿದಾನೆ? ಚಿನ್ನದಂಥ ಮನುಷ್ಯ. ಅವನ ಕೈ ಟೀ ಈಗ್ಲೂ ನೆನಪಾಗತ್ತೆ ನೋಡಿ."

"ಚೆನ್ನಾಗಿದಾನೆ. ಅವನ ತಂಟೆಗೆ ಬರ್ಬೇಡ."

"ಅಯ್ಯೋ, ನಾನ್ಯಾಕೆ ಬರ್ಲಿ? ಸುಮ್ನೆ ಕೇಳ್ದೆ." ಸಿಗರೇಟಿನ ಬೂದಿಯನ್ನು ನಿಧಾನವಾಗಿ ಕೊಡವಿದ. "ಸಂಜೆ ಹೊತ್ತು ಆ ದಪ್ಪ ಹೆಂಗ್ಸು ಇನ್ನೂ ಬರ್ತಾಳಾ?"

"ದಿನಾ ಬರ್ತಾಳೆ."

"ದಿನಾನಾ? ಪರ್ವಾಗಿಲ್ವೆ! ಕೌನ್ಸಿಲ್ ಹತ್ರ ಕಾಸಿಲ್ಲ, ಈಜುಕೊಳಾನೂ ಮುಚ್ತಾರೆ ಅಂತ ಪೇಪರ್‌ನಲ್ಲಿತ್ತಲ್ಲ. ಇದೊಂದು ನಡೀತಾ ಇದ್ಯಲ್ಲ, ಒಳ್ಳೇದಾಯ್ತು ಬಿಡಿ. ನಾ ಕೇಳ್ದೆ ಅಂತ ಹೇಳಿ ಅವನಿಗೆ."

ನಾನು ಬೇಗ ಬೇಗ ನಡೆದೆ. ಅವನು ಹಿಂದೆ ಬರುತ್ತಿಲ್ಲವೆಂದು ಗೊತ್ತಿದ್ದೂ ಎರಡು ಸಲ ತಿರುಗಿ ನೋಡಿದೆ. ಅವತ್ತು ಹನ್ನೊಂದು ಗಂಟೆಗೆ ಕೌನ್ಸಿಲ್‌ನಿಂದ ಸೋಷಿಯಲ್ ವರ್ಕರ್ ಬರುವವಳಿದ್ದಳು. ರಸೆಲ್‌ಗೆ ಸಂಜೆಯ ಸಹಾಯ ಇನ್ನೂ ಬೇಕೋ ಬೇಡವೋ ಎಂದು ನೋಡುವುದಕ್ಕೇ ಅವಳು ಬರುತ್ತಿದ್ದದ್ದು. ಕ್ರೇಗ್ ಬೀದಿಯಲ್ಲಿ ನಿಂತು ಕೇಳಿದ ಪ್ರಶ್ನೆಯನ್ನೇ ಅವಳು ಸೋಫಾದ ಮೇಲೆ ಕುಳಿತು ಕೇಳಲಿದ್ದಳು.

ರಸೆಲ್ ನನ್ನ ತಮ್ಮ. ಐವತ್ತಾಯಿತು. ಓದು, ಲೆಕ್ಕ ಅವನಿಗೆ ಹತ್ತಲಿಲ್ಲ. ಚಿಕ್ಕಂದಿನಲ್ಲಿ ಅಂಥ ಮಕ್ಕಳಿಗೆಂದೇ ಇದ್ದ ಬೇರೆ ಶಾಲೆಗೆ ಹೋದ, ದೊಡ್ಡವನಾದ ಮೇಲೆ ಅಮ್ಮನ ಜೊತೆಗಿದ್ದ. ಅಮ್ಮ ತೀರಿಕೊಂಡ ಮೇಲೆ ಈ ಒಂದು ಕೋಣೆಯ ಫ್ಲ್ಯಾಟ್ ಸಿಕ್ಕಿತು. ನೆಲದಂತಸ್ತು, ಬಾಗಿಲು ನೇರ ಬೀದಿಗೆ. ಅವನಿಗದು ಅರಮನೆ. ಬಟ್ಟೆ ಒಗೆಯುತ್ತಾನೆ, ಬೇಯಿಸಿಕೊಳ್ಳುತ್ತಾನೆ, ವಾರಕ್ಕೆರಡು ದಿನ ಬಸ್ ಹಿಡಿದು ಸಸ್ಯಗಳ ಅಂಗಡಿಗೆ ಹೋಗಿ ಕುಂಡಗಳಿಗೆ ನೀರು ಹಾಕಿ ಬರುತ್ತಾನೆ. ಅವನಿಗೆ ಬಾರದ ಕೆಲಸ ಒಂದೇ. ಬಾಗಿಲಲ್ಲಿ ನಿಂತು ನಗುನಗುತ್ತಾ ಏನಾದರೂ ಕೇಳಿದವರಿಗೆ ಇಲ್ಲ ಎನ್ನಲು ಬರುವುದಿಲ್ಲ.

ಎರಡು ವರ್ಷದ ಹಿಂದೆ ಕ್ರೇಗ್ ಫೋನ್ ಚಾರ್ಜ್ ಮಾಡಿಕೊಳ್ಳಬೇಕೆಂದು ಬಾಗಿಲು ತಟ್ಟಿದ. ಮರುದಿನ ಬೆಚ್ಚಗೆ ಕೂರಲು ಬಂದ. ಆಮೇಲೆ ಸ್ನೇಹಿತರು ಬಂದರು, ಅವರ ಡ್ರಗ್ಸ್ ಸರಕು ಬಂತು, ಅದನ್ನು ಕೊಳ್ಳುವವರು ಬಂದರು. ಆಗ ನನಗೆ ಶಸ್ತ್ರಚಿಕಿತ್ಸೆಯಾಗಿ ಮನೆಯಲ್ಲೇ ಇದ್ದೆ. ಫೋನಿನಲ್ಲಿ ರಸೆಲ್ ಪ್ರತಿ ಸಲವೂ "ಚೆನ್ನಾಗಿದೀನಿ, ಫ್ರೆಂಡ್ಸ್ ಬಂದಿದಾರೆ" ಎನ್ನುತ್ತಿದ್ದ. ಅವನಿಗೂ ಸ್ನೇಹಿತರಾದರಲ್ಲ ಎಂದು ಖುಷಿಪಟ್ಟಿದ್ದೆ. ಕೊನೆಗೆ ನಾನು ಹೋದಾಗ ಅವನು ಕೋಟು ತೊಟ್ಟು, ಬೂಟು ಸಮೇತ ಬಾತ್‌ಟಬ್ಬಿನೊಳಗೆ ಮಲಗಿದ್ದ. ಮಂಚದ ಮೇಲೆ ಯಾರೋ ಇಬ್ಬರು. ಪೊಲೀಸರು ಬಂದು ಎಲ್ಲರನ್ನೂ ಹೊರಗಟ್ಟಿದರು. ರಸೆಲ್ ಮಾತ್ರ ಅವರ ವಿರುದ್ಧ ಒಂದು ಮಾತು ಹೇಳಲಿಲ್ಲ. "ಅವ್ರು ನನ್ನ ಫ್ರೆಂಡ್ಸು" ಎಂದ. ಅಲ್ಲಿಗೆ ಮುಗಿಯಿತು.

ಅಂದಿನಿಂದ ಕೌನ್ಸಿಲ್ ಖರ್ಚಿನಲ್ಲಿ ದಿನಾ ಸಂಜೆ ಡೋರೀನ್ ಬರುತ್ತಾಳೆ. ಅವಳು ಮಾಡುವುದು ಹೆಚ್ಚೇನಿಲ್ಲ. ಜೊತೆಗೆ ಕೂತು ಟೀವಿಯ ಕ್ವಿಜ್ ನೋಡುತ್ತಾಳೆ, ಅವನ ಉತ್ತರಗಳಿಗೆ ನಗುತ್ತಾಳೆ, ಯಾರಾದರೂ ಬಾಗಿಲು ತಟ್ಟಿದರೆ ತನ್ನ ದೊಡ್ಡ ದೇಹವನ್ನು ಎಬ್ಬಿಸಿಕೊಂಡು ಹೋಗಿ ತಾನೇ ತೆಗೆಯುತ್ತಾಳೆ. ಅಷ್ಟೇ.

ರಸೆಲ್ ಬಾಗಿಲು ತೆರೆದಾಗ ಒಳಗಿಂದ ಸೋಪಿನ ನಿಂಬೆ ವಾಸನೆ ಮೂಗಿಗೆ ಬಡಿಯಿತು. ಬಿಳಿ ಅಂಗಿ, ಅಪ್ಪನ ಟೈ, ಒದ್ದೆ ಮಾಡಿ ಬಾಚಿದ ಕೂದಲು. ಮನೆ ಫಳಫಳ ಹೊಳೆಯುತ್ತಿತ್ತು. ಮೇಜಿನ ಮೇಲೆ ಅಮ್ಮನ ಹೂವಿನ ಕಪ್ಪುಗಳು, ತಟ್ಟೆಯಲ್ಲಿ ಗುಲಾಬಿ ಹಳದಿ ಚೌಕದ ಕೇಕು.

"ಕ್ಲೀನ್ ಮಾಡ್ಬೇಡ ಅಂದಿದ್ನಲ್ಲೋ."

"ಗೆಸ್ಟ್ ಬರ್ತಾರೆ ಲಿನ್. ಕೊಳಕು ಮನೇಲಿ ಕೂರಿಸ್ತಾರಾ? ಅಮ್ಮ ಇದ್ದಿದ್ರೆ ಬೈಯೋಳು."

ಅದು ನಿಜ. ನಮ್ಮ ಕಡೆ ಡಾಕ್ಟರ್ ಮನೆಗೆ ಬರುತ್ತಾರೆಂದರೆ ಕಾಯಿಲೆಯವರೇ ಎದ್ದು ಮೆಟ್ಟಿಲು ಒರೆಸುತ್ತಾರೆ. ರಸೆಲ್‌ನಂಥವರನ್ನು ನೋಡಿಕೊಳ್ಳುವ ಮನೆಯವರ ಗುಂಪೊಂದಿದೆ, ತಿಂಗಳಿಗೊಮ್ಮೆ ಚರ್ಚಿನ ಹಾಲ್‌ನಲ್ಲಿ ಸೇರುತ್ತೇವೆ. ಅಲ್ಲಿ ಹೇಳಿಕೊಟ್ಟಿದ್ದು ಬೇರೆಯೇ: ಸಹಾಯ ಉಳಿಯಬೇಕಾದರೆ ಮನೆ ಇದ್ದಂತೆ ಇರಲಿ, ಒಳ್ಳೆಯ ದಿನದ ಸುದ್ದಿ ಹೇಳಬೇಡಿ, ಅತ್ಯಂತ ಕೆಟ್ಟ ದಿನದ ಸುದ್ದಿ ಹೇಳಿ. ಅವನ ಅತ್ಯಂತ ಕೆಟ್ಟ ದಿನವನ್ನು ಯಾರೆದುರೂ ಎತ್ತುವುದಿಲ್ಲವೆಂದು ನಾನು ರಸೆಲ್‌ಗೆ ಮಾತು ಕೊಟ್ಟಿದ್ದೆ. ಬಾತ್‌ಟಬ್ಬಿನ ವಿಷಯ ನೆನೆದರೆ ಅವನು ಮುಖ ಮುಚ್ಚಿಕೊಳ್ಳುತ್ತಾನೆ. ಅವನಿಲ್ಲದಾಗ ಐದು ನಿಮಿಷ ಮಾತಾಡಬಹುದೇ ಎಂದು ಸೋಷಿಯಲ್ ವರ್ಕರ್‌ಗೆ ಫೋನ್ ಮಾಡಿ ಕೇಳಿದ್ದೆ. "ತನ್ನ ಬಗ್ಗೆ ಏನೇ ಹೇಳಿದ್ರೂ ತನ್ನೆದುರಿಗೇ ಹೇಳ್ಬೇಕು ಅಂತ ರಸೆಲ್ ಹೇಳಿದಾರೆ. ಅದು ಅವರ ಹಕ್ಕು" ಎಂದಿದ್ದಳು. ಅದೂ ನಿಜವೇ.

ಅವಳ ಹೆಸರು ಶಬ್ನಮ್. ಮೂವತ್ತರ ಆಸುಪಾಸು, ಬೂದು ಬಣ್ಣದ ತಲೆವಸ್ತ್ರ, ಬೆನ್ನಿಗೆ ಭಾರದ ಚೀಲ. ಬಾಗಿಲಲ್ಲೇ ಬೂಟು ಬಿಚ್ಚಿದಳು. ರಸೆಲ್‌ಗೆ ಅವಳು ಆಗಲೇ ಇಷ್ಟವಾದಳು.

"ಹಾಲು ಎಷ್ಟು ಹಾಕ್ಲಿ? ಸಕ್ಕರೆ? ಸ್ಟ್ರಾಂಗಾ?"

"ಸ್ಟ್ರಾಂಗು, ಎರಡು ಸಕ್ಕರೆ. ನಮ್ಮಮ್ಮನಿಗೆ ಹೇಳ್ಬೇಡಿ."

ಅವನು ಜೋರಾಗಿ ನಕ್ಕ. ಕೆಟಲ್ ತುಂಬಿದ, ಕುದಿಯುವವರೆಗೆ ಕೈಕಟ್ಟಿ ಕಾದ, ಒಂದು ಹನಿಯೂ ಚೆಲ್ಲದೆ ಮೂರು ಕಪ್ಪಿಗೂ ಸುರಿದ. ಬೇರೆ ಯಾವ ದಿನವಾಗಿದ್ದರೂ ನನಗೆ ಹೆಮ್ಮೆಯಾಗುತ್ತಿತ್ತು. ಅವತ್ತು ಒಂದು ಹನಿ, ಒಂದೇ ಒಂದು ಹನಿ ಚೆಲ್ಲಲಿ ಎಂದು ನೋಡುತ್ತಾ ಕುಳಿತಿದ್ದೆ.

ಶಬ್ನಮ್ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದಳು. ಸ್ನಾನ? "ನಾನೇ." ಬಟ್ಟೆ? "ನಾನೇ. ಇಸ್ತ್ರಿನೂ ನಾನೇ." ಅಡುಗೆ? "ಟೋಸ್ಟ್ ಮೇಲೆ ಬೀನ್ಸು, ಮೊಟ್ಟೆ, ಸಾಸೇಜು. ಬುಧವಾರ ಮೀನು." ಮಾತ್ರೆ? ಎದ್ದು ಹೋಗಿ ಡಬ್ಬಿ ತಂದು ತೋರಿಸಿದ. ಬಸ್ ಪಾಸು ತೋರಿಸಿದ. ವಾಷಿಂಗ್ ಮೆಷಿನ್ ತೋರಿಸಿದ. ಕೊನೆಗೆ ಡ್ರಾಯರ್ ಎಳೆದು, ತನಗೆ ಎಲ್ಲಕ್ಕಿಂತ ಪ್ರೀತಿಯದನ್ನು ತೋರಿಸಿದ, ರಗ್ಬಿ ಕ್ಲಬ್ಬಿನ ಸೀಸನ್ ಕಾರ್ಡು. ಕೊರಳಿಗೆ ಹಾಕಿಕೊಳ್ಳುವ ಪಟ್ಟಿಗೆ ಸಿಕ್ಕಿಸಿದ್ದು. "ಇದಿದ್ರೆ ಗೇಟಲ್ಲಿ ಕೇಳೋದೇ ಇಲ್ಲ. ಸೀದಾ ಒಳಗೆ. ಅಪ್ಪ ಕೂರ್ತಿದ್ದ ಜಾಗದಲ್ಲೇ ಕೂರ್ತೀನಿ."

"ಅಬ್ಬಾ, ನೀವು ನನಗಿಂತ ಚೆನ್ನಾಗಿ ಮನೆ ಇಟ್ಟಿದೀರಿ" ಎಂದಳು ಶಬ್ನಮ್. ಅದು ಮರ್ಯಾದೆಗೆ ಆಡಿದ ಮಾತಲ್ಲ. ಅವಳ ಬೆರಳು ಕೀಲಿಗಳ ಮೇಲೆ ಓಡುತ್ತಿತ್ತು. ಪ್ರತಿ ಟಕಟಕ ಸದ್ದಿಗೂ ಡೋರೀನ್‌ಳ ಒಂದೊಂದು ಸಂಜೆ ಅಳಿಸಿಹೋಗುತ್ತಿದೆ ಎನ್ನಿಸಿತು.

"ಮೀನು ಅವನು ಒಬ್ಬನೇ ಮಾಡಲ್ಲ" ಎಂದೆ. "ಡೋರೀನ್ ಪಕ್ಕದಲ್ಲಿರ್ತಾಳೆ."

"ಲಿನ್, ನಾನೇ ಮಾಡ್ತೀನಿ! ಅವಳು ಬರೀ ತಿಂತಾಳೆ!"

"ರಸೆಲ್ ಹೇಳ್ಲಿ, ಲಿನೆಟ್" ಎಂದಳು ಶಬ್ನಮ್, ಮೆತ್ತಗೆ. ನಂತರ ಅವನ ಕಡೆ ತಿರುಗಿ, "ರಸೆಲ್, ಒಂದು ಮಾತು ಕೇಳ್ತೀನಿ. ಡೋರೀನ್ ಸಂಜೆ ಬರ್ಲಿಲ್ಲ ಅಂದ್ರೆ ನಿಮಗೆ ಹೇಗನ್ಸತ್ತೆ? ಬದಲಿಗೆ ಕೊರಳಿಗೆ ಒಂದು ಬಟನ್ ಕೊಡ್ತೀವಿ. ಏನಾದ್ರೂ ತೊಂದ್ರೆ ಆದ್ರೆ ಒತ್ತಿದ್ರೆ ಸಾಕು, ನಮ್ಮೋರು ಮಾತಾಡ್ತಾರೆ. ದಿನಾ ಒಂದು ಸಲ ಅವರೇ ಫೋನೂ ಮಾಡ್ತಾರೆ. ಪರವಾಗಿಲ್ವಾ?"

"ಪರವಾಗಿಲ್ಲ" ಎಂದ ರಸೆಲ್, ನಗುತ್ತಾ. "ಬಟನ್ ಯಾವ ಕಲರು?"

ನನ್ನ ಕಪ್ಪನ್ನು ಕೆಳಗಿಟ್ಟೆ. ಅವಳು ಕೆಟ್ಟವಳಲ್ಲ. ಕೇಳುವ ರೀತಿಯಲ್ಲೇ ಕೇಳಿದ್ದಳು. ಆದರೆ ಯಾರೇ ಆಗಲಿ, ಮೆತ್ತಗೆ, ತಲೆ ಸ್ವಲ್ಪ ವಾಲಿಸಿ 'ಪರವಾಗಿಲ್ವಾ' ಎಂದರೆ ರಸೆಲ್ ಪರವಾಗಿಲ್ಲ ಎನ್ನುತ್ತಾನೆ. ಕ್ರೇಗ್ ಕೂಡ ಹೀಗೆಯೇ ಕೇಳಿದ್ದ.

"ನಿರ್ಧಾರ ನನ್ನದಲ್ಲ" ಎಂದಳು ಶಬ್ನಮ್ ನನ್ನ ಮುಖ ನೋಡಿ. "ನಾನು ಬರೆದಿದ್ದು ಸಮಿತಿ ಮುಂದೆ ಹೋಗತ್ತೆ. ಅವರ ಹತ್ರ ಇರೋ ಹಣ ಅಷ್ಟಕ್ಕಷ್ಟೇ. ಹಾಸಿಗೆಯಿಂದ ಏಳೋಕಾಗ್ದೇ ಇರೋರೂ ಕಾಯ್ತಾ ಇದಾರೆ. ರಸೆಲ್‌ಗೆ ಯಾವ ಕೆಲಸ ಬರಲ್ಲ ಅಂತ ನಾನು ಬರೀಬೇಕು. ಬರೋದೇ ಕಾಣ್ತಿದೆ ನನಗೆ."

"ಇವತ್ತು ಬೆಳಿಗ್ಗೆ ಕ್ರೇಗ್ ಸಿಕ್ಕಿದ್ದ" ಎಂದೆ.

ರಸೆಲ್ ತಲೆಯೆತ್ತಿದ. ಅವನ ಮುಖ ಅರಳಿತು. "ಕ್ರೇಗಾ? ಎಲ್ಲಿ? ನನ್ನ ಕೇಳಿದ್ನಾ?"

"ಯಾರು ಕ್ರೇಗ್?" ಎಂದಳು ಶಬ್ನಮ್.

"ಲಿನ್" ಎಂದ ರಸೆಲ್. ನಗು ಹೋಗಿತ್ತು. "ಲಿನ್, ಹೇಳಲ್ಲ ಅಂದಿದ್ದೆ."

ಹೇಳಿದೆ. ಫೋನ್ ಚಾರ್ಜ್ ಮಾಡಲು ಬಂದಿದ್ದು, ಸರಕು, ಮಂಚದ ಮೇಲಿನವರು, ಕೋಟು, ಬೂಟು, ಬಾತ್‌ಟಬ್ಬು. ಎಲ್ಲಿಯೂ ನಿಲ್ಲದೆ, ಶಬ್ನಮ್‌ಳ ಬೆರಳುಗಳನ್ನೇ ನೋಡುತ್ತಾ ಹೇಳಿದೆ. ತಮ್ಮನ ಕಡೆ ನೋಡಿದ್ದರೆ ಮುಗಿಸಲಾಗುತ್ತಿರಲಿಲ್ಲ. ಅವನು ಟೈಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕುಳಿತಿದ್ದನೆಂದು ಕಣ್ಣಂಚಿನಲ್ಲೇ ಕಾಣುತ್ತಿತ್ತು.

"ಅವರ ಹಳೇ ಕಡತದಲ್ಲಿ 'ಅತಿಥಿಗಳಿಂದ ತೊಂದರೆ' ಅಂತ ಮಾತ್ರ ಇದೆ" ಎಂದಳು ಶಬ್ನಮ್ ನಿಧಾನವಾಗಿ. "ರಸೆಲ್, ಇದು ನಿಮಗೆ ಕಷ್ಟ ಅಂತ ಗೊತ್ತು. ಈಗ ಯಾರಾದ್ರೂ ಬಂದು ಬಾಗಿಲು ತಟ್ಟಿದ್ರೆ ಏನು ಮಾಡ್ತೀರಿ?"

ರಸೆಲ್ ಎದ್ದು ನಿಂತ. ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ಕೈಗಳನ್ನು ಪಕ್ಕಕ್ಕಿಳಿಸಿದ. "ಪೊಲೀಸ್ ಮೇಡಂ ಕಲಿಸಿದಾರೆ. ಬಾಗಿಲಿಗೆ ಚೈನ್ ಹಾಕಿದೆ. ಯಾರು ನೀವು? ನೀವು ನನಗೆ ಗೊತ್ತಿಲ್ಲ. ನಾನು ಬಾಗಿಲು ತೆಗೆಯಲ್ಲ. ಹೋಗಿ, ಇಲ್ಲಾಂದ್ರೆ ಪೊಲೀಸ್‌ಗೆ ಫೋನ್ ಮಾಡ್ತೀನಿ."

ಒಂದು ತಪ್ಪಿಲ್ಲ. ಧ್ವನಿಯೂ ಗಡಸು.

"ಭೇಷ್!" ಎಂದಳು ಶಬ್ನಮ್. ಬೆರಳುಗಳು ಮತ್ತೆ ಓಡಿದವು.

ಎಲ್ಲ ಮುಗಿಯಿತು ಎಂದು ನನಗೆ ಆಗಲೇ ಗೊತ್ತಾಗಿದ್ದು. ಅವನ ಮಾನ ಕಳೆದಿದ್ದೂ ವ್ಯರ್ಥವಾಯಿತು. ಮುಂದಿನ ತಿಂಗಳು ಯಾವುದೋ ಒಂದು ಸಂಜೆ ಕ್ರೇಗ್ ಈ ಬಾಗಿಲು ತಟ್ಟುತ್ತಾನೆ, ಆಗ ರಸೆಲ್‌ನ ಕೊರಳಲ್ಲಿ ಚೆಂದದ ಬಣ್ಣದ ಬಟನ್ ಇರುತ್ತದೆ, ಅದನ್ನು ಅವನು ಒತ್ತುವುದಿಲ್ಲ. ಮನೆಗೆ ಸ್ನೇಹಿತ ಬಂದರೆ ಯಾರಾದರೂ ಒತ್ತುತ್ತಾರೆಯೇ?

"ರಸೆಲ್" ಎಂದೆ. ನನ್ನ ಧ್ವನಿ ಬೇಕೆಂದೇ ಮೃದುವಾಗಿತ್ತು. "ಶಬ್ನಮ್‌ಗೆ ನಿನ್ನ ಸೀಸನ್ ಕಾರ್ಡ್ ತುಂಬಾ ಇಷ್ಟ ಆಯ್ತಂತೆ ಕಣೋ. ಅವರಿಗೆ ಬೇಕಂತೆ."

"ನಾನು..." ಎಂದು ಶಬ್ನಮ್ ತಲೆಯೆತ್ತಿದಳು.

ಅಷ್ಟರಲ್ಲಿ ರಸೆಲ್ ಡ್ರಾಯರ್ ಹತ್ತಿರ ಹೋಗಿಯಾಗಿತ್ತು. ಒಂದು ಗಳಿಗೆ ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಅಂಗಿಯ ತೋಳಿನಿಂದ ಅದರ ಮೇಲ್ಮೈ ಒರೆಸಿದ. ನಂತರ ಬಂದು ಎರಡೂ ಕೈಯಿಂದ ಅವಳ ಮುಂದೆ ಹಿಡಿದ. "ತಗೊಳ್ಳಿ. ಶನಿವಾರ ಮ್ಯಾಚಿದೆ. ಪೂರ್ವದ ಗೇಟಲ್ಲಿ ಹೋಗಿ, ಅಲ್ಲಿ ಪೈ ಚೆನ್ನಾಗಿರತ್ತೆ."

ಶಬ್ನಮ್ ಕೈ ಚಾಚಲಿಲ್ಲ. ಅವಳ ಮುಖ ಬಿಗಿಯಾಯಿತು. "ಬೇಡ ರಸೆಲ್, ನಾನು ಕೇಳ್ಲಿಲ್ಲ. ಅದು ನಿಮ್ಮದು." ನನ್ನತ್ತ ತಿರುಗಿದಳು. "ಲಿನೆಟ್, ಇದು ಸರಿಯಿಲ್ಲ."

"ನೀವು ಅವನಿಗೆ ಪರಿಚಯ ಆಗಿ ಒಂದು ಗಂಟೆ ಆಗಿಲ್ಲ" ಎಂದೆ. "ಬರೆದುಕೊಳ್ಳಿ ಇದನ್ನ. ಬಾರದ ಕೆಲಸ ಯಾವುದು ಅಂದ್ರಲ್ಲ, ಇದು."

ರಸೆಲ್ ಕಾರ್ಡು ಹಿಡಿದೇ ನಿಂತಿದ್ದ. ಅವಳನ್ನು ನೋಡಿದ, ನನ್ನನ್ನು ನೋಡಿದ. ಅವನು ದಡ್ಡನಲ್ಲ. ಹುಟ್ಟಿದಾಗಿನಿಂದ ಯಾರಾದರೂ ಒಬ್ಬರು ಅವನ ಮುಂದೆ ಬಣ್ಣದ ಚೂರುಗಳನ್ನಿಟ್ಟು, ಚಿತ್ರಗಳನ್ನಿಟ್ಟು ಪರೀಕ್ಷೆ ಮಾಡಿದವರೇ. ಆ ಮೌನ ಅವನಿಗೆ ಚೆನ್ನಾಗಿ ಗೊತ್ತು.

"ಟೆಸ್ಟಾ?" ಎಂದ.

ನಾನು ಕೇಕಿನ ತಟ್ಟೆಯನ್ನು ನೋಡಿದೆ.

"ಟೆಸ್ಟಾ ಲಿನ್ ಇದು? ನಾ ಫೇಲಾ?"

"ರಸೆಲ್, ಕೂತ್ಕೊ ಬಾ..."

ಅವನು ಕೂರಲಿಲ್ಲ. ಕಾರ್ಡನ್ನು ಡ್ರಾಯರಿನೊಳಗಿಟ್ಟು ಮುಚ್ಚಿದ. ಬಾಗಿಲ ಪಕ್ಕದ ಕೊಕ್ಕೆಯಿಂದ ನನ್ನ ಕೋಟನ್ನು ತೆಗೆದುಕೊಂಡು ಬಂದು ನನ್ನ ಮಡಿಲಿಗೆ ಹಾಕಿದ. ಎಸೆಯಲಿಲ್ಲ, ಇಟ್ಟ. ಅವನ ಕುತ್ತಿಗೆ ಕೆಂಪಾಗಿತ್ತು.

"ಹೋಗು."

"ರಸೆಲ್..."

"ನೀ ಹೇಳಲ್ಲ ಅಂದಿದ್ದೆ. ಹೇಳ್ದೆ. ಆಮೇಲೆ ಟೆಸ್ಟ್ ಮಾಡ್ದೆ. ಗೆಸ್ಟ್ ಮುಂದೆ. ಹೋಗು. ಭಾನುವಾರಾನೂ ಬರ್ಬೇಡ."

ಪ್ರತಿ ಭಾನುವಾರ ಮಧ್ಯಾಹ್ನ ನಾನು ಮಾಂಸದ ರೋಸ್ಟು, ಆಲೂಗಡ್ಡೆ ಎಲ್ಲ ಡಬ್ಬಿಗೆ ಹಾಕಿಕೊಂಡು ಇಲ್ಲಿಗೆ ಬಂದು ಇಬ್ಬರೂ ಊಟ ಮಾಡುತ್ತೇವೆ. ಅಮ್ಮ ಹೋದಾಗಿನಿಂದ ತಪ್ಪಿಸಿದ್ದು ಶಸ್ತ್ರಚಿಕಿತ್ಸೆಯ ಆ ದಿನಗಳಲ್ಲಿ ಮಾತ್ರ. ಬೇಡ ಎಂಬ ಮಾತನ್ನು ಅವನ ಬಾಯಲ್ಲಿ ನಾನು ಕೇಳಿರಲೇ ಇಲ್ಲ. ಅದನ್ನು ಹೇಳಲು ಕಲಿಸಬೇಕೆಂದು ಎಷ್ಟು ವರ್ಷ ಒದ್ದಾಡಿದ್ದೇನೆ. ಈಗ ಬಂತು, ಸೋಷಿಯಲ್ ವರ್ಕರ್ ಎದುರು, ಸಂಜೆಯ ಸಹಾಯ ಕೈ ತಪ್ಪಲು ಇನ್ನೊಂದು ಮಾತು ಸಾಕಾಗಿದ್ದಾಗ. ಎದ್ದು ಕೋಟಿನ ತೋಳಿಗೆ ಕೈ ತೂರಿಸಿದೆ. ಸರಿಯಾದ ತೋಳು ಸಿಗಲಿಲ್ಲ.

ಶಬ್ನಮ್ ಲ್ಯಾಪ್‌ಟಾಪನ್ನು ಮುಚ್ಚಿ ಪಕ್ಕಕ್ಕಿಟ್ಟಳು. "ರಸೆಲ್, ಲಿನೆಟ್ ಭಾನುವಾರ ಬಂದ್ರೆ?"

"ತೆಗೆಯಲ್ಲ."

"ಅಳ್ತಾ ನಿಂತ್ರೆ?"

ಅವನು ಒಂದು ಕ್ಷಣ ಯೋಚಿಸಿದ. "ತೆಗೆಯಲ್ಲ. ಅವಳಿಗೆ ಮನೆ ಇದೆ. ಹೀಟಿಂಗ್ ಇದೆ. ಅಲ್ಲೇ ಅಳ್ಲಿ."

ಶಬ್ನಮ್‌ಗೆ ನಗು ಬಂತೆಂದು ಕಾಣುತ್ತದೆ, ತುಟಿ ಕಚ್ಚಿಕೊಂಡಳು. ಅವಳು ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲ ಎನ್ನಲು ಬರುವ ಮನುಷ್ಯನಿಗೆ ಬಾಗಿಲು ಕಾಯುವವರು ಯಾಕೆ?

"ಸರಿ" ಎಂದಳು. "ಕ್ರೇಗ್ ಬಂದ್ರೆ?"

ರಸೆಲ್ ಬಾಗಿಲ ಕಡೆ ನೋಡಿದ.

"ಕ್ರೇಗ್ ಬಂದು ಬಾಗಿಲು ತಟ್ಟಿದ, ರಸ್, ಐದೇ ನಿಮಿಷ ಅಂದ. ಪೊಲೀಸ್ ಮೇಡಂ ಏನು ಕಲಿಸಿದಾರೆ, ಹೇಳಿ."

ಅವನು ಮತ್ತೆ ಕೈಗಳನ್ನು ಪಕ್ಕಕ್ಕಿಳಿಸಿದ. "ಯಾರು ನೀವು." ನಿಲ್ಲಿಸಿದ. ಮತ್ತೆ ಶುರು ಮಾಡಿದ. "ಯಾರು ನೀವು? ನೀವು ನನಗೆ..."

ಕೆಟಲ್ ತಣ್ಣಗಾಗುತ್ತಾ ಟಿಕ್ ಎಂದಿತು. ಹೊರಗೆ ಯಾರದೋ ನಾಯಿ ಬೊಗಳಿತು.

"ಹೇಳಕ್ಕಾಗಲ್ಲ" ಎಂದ ರಸೆಲ್.

"ಯಾಕೆ?"

"ಅದು ಗೊತ್ತಿಲ್ದೇ ಇರೋರಿಗೆ ಹೇಳೋದು. ಕ್ರೇಗ್ ನನಗೆ ಗೊತ್ತಲ್ಲ." ಇಷ್ಟು ಸುಲಭದ ವಿಷಯ ಇವಳಿಗೇಕೆ ತಿಳಿಯುತ್ತಿಲ್ಲ ಎಂಬಂತೆ ಅವಳ ಮುಖ ನೋಡಿದ. "ಗೊತ್ತಿರೋರಿಗೆ ಗೊತ್ತಿಲ್ಲ ಅಂದ್ರೆ ಸುಳ್ಳಾಗತ್ತೆ."

"ಗೊತ್ತಿದ್ರೆ? ಆಗ ಏನು ಹೇಳ್ಬೇಕು ಅಂತ ಕಲಿಸಿದಾರೆ?"

"ಅದು ಕಲಿಸಿಲ್ಲ."

"ಹಾಗಾದ್ರೆ ಬಾಗಿಲು?"

"ತೆಗೀತೀನಿ. ಅವನಿಗೆ ಮನೆ ಇಲ್ಲ." ಬೆರಳು ಮತ್ತೆ ಟೈಗೆ ಹೋಯಿತು. ಆಮೇಲೆ ತುಂಬಾ ಸಣ್ಣ ಧ್ವನಿಯಲ್ಲಿ, "ಆದ್ರೆ ಮಂಚ ಕೊಡಲ್ಲ ಅಂತ ಹೇಳ್ತೀನಿ. ಹೇಳ್ಬೋದಾ? ಡೋರೀನ್ ಇದ್ರೆ ಅವಳು ಹೇಳ್ತಾಳೆ. ಅವಳು ಹೇಳಿದ್ರೆ ಕೇಳ್ತಾರೆ ಎಲ್ರೂ."

ಶಬ್ನಮ್ ಏನನ್ನೂ ಟೈಪ್ ಮಾಡಲಿಲ್ಲ. ಅವಳೆದುರು ತಣ್ಣಗಾಗಿದ್ದ ಟೀಯನ್ನು ಪೂರ್ತಿ ಕುಡಿದಳು, ಕೇಕಿನ ಚೂರನ್ನೂ ತಿಂದಳು. ರಸೆಲ್‌ಗೆ ಥ್ಯಾಂಕ್ಸ್ ಹೇಳಿ ಬೂಟು ಹಾಕಿಕೊಂಡಳು. ಅವನು ಅವಳ ಕೈ ಕುಲುಕಿದ. ನನಗಾಗಿ ಬಾಗಿಲು ಹಿಡಿದ, ಆದರೆ ನನ್ನನ್ನು ನೋಡಲಿಲ್ಲ. ನಾವು ಮೆಟ್ಟಿಲಿಳಿಯುತ್ತಿದ್ದಂತೆ ಹಿಂದೆ ಚೈನ್ ಸಿಕ್ಕಿಸಿದ ಸದ್ದು ಕೇಳಿಸಿತು.

ಅವಳ ಕಾರಿನ ತನಕ ಜೊತೆಗೆ ನಡೆದೆ.

"ಅವರು ಹೇಳಿದ್ದನ್ನ ಅವರ ಮಾತಲ್ಲೇ ಬರೀತೀನಿ" ಎಂದಳು ಚೀಲವನ್ನು ಹಿಂದಿನ ಸೀಟಿಗೆ ತಳ್ಳಿ. "ನೀವು ಕಾರ್ಡ್ ವಿಷಯದಲ್ಲಿ ಮಾಡಿದ್ದನ್ನೂ ಬರೀತೀನಿ."

"ಬರೀರಿ."

"ನನಗೆ ಕೋಪ ಬಂದಿದೆ ನಿಮ್ಮ ಮೇಲೆ."

"ಬರ್ಲಿ" ಎಂದೆ. "ಸಂಜೆ ಉಳಿಯತ್ತಾ?"

"ಗೊತ್ತಿಲ್ಲ ಲಿನೆಟ್. ನಿಜವಾಗ್ಲೂ ಗೊತ್ತಿಲ್ಲ. ಅಲ್ಲಿ ಕೂತೋರಿಗೆ 'ಒಳ್ಳೇ ಮನುಷ್ಯ, ಅದೇ ತೊಂದರೆ' ಅಂತ ಹೇಗೆ ಅರ್ಥ ಮಾಡಿಸೋದು, ನೀವೇ ಹೇಳಿ." ಕಾರಿನ ಬಾಗಿಲು ಹಾಕಿಕೊಂಡವಳು ಕಿಟಕಿ ಇಳಿಸಿದಳು. "ಆ ಕ್ರೇಗ್ ನಿಂತಿದ್ದು ಎಲ್ಲಿ? ಸರಿಯಾಗಿ ಹೇಳಿ. ಅವನು ಕೇಳಿದ ಮಾತೂ ಹೇಳಿ. ಒಂದಕ್ಷರ ಬಿಡಬೇಡಿ."

ಬೀದಿಯಲ್ಲೇ ನಿಂತು ಹೇಳಿದೆ. ಅವಳು ಫೋನಿನಲ್ಲಿ ಬರೆದುಕೊಂಡಳು.

ಗುರುವಾರ ಲೈಬ್ರರಿಗೆ ಅವಳ ಫೋನ್ ಬಂತು. ನಾನು ಪುಸ್ತಕದ ಕಪಾಟುಗಳ ಸಂದಿಗೆ ಹೋಗಿ ನಿಂತೆ.

"ಉಳೀತು. ಮುಂದಿನ ಪರಿಶೀಲನೆ ತನಕ. ಶನಿವಾರ ಒಂದು ಬಿಟ್ಟು."

"ಶನಿವಾರ ಯಾಕೆ ಬಿಟ್ರು?"

"ಮ್ಯಾಚಿಗೆ ಹೋಗ್ತಾರಲ್ಲ, ಆ ದಿನ ಜನರ ಜೊತೆ ಇರ್ತಾರೆ ಅಂದ್ರು. ಎಲ್ಲಾ ದಿನಾನೂ ಉಳಿಸ್ಬೇಕು ಅಂತ ಜಗಳ ಆಡ್ದೆ. ಏನೋ ಒಂದು ಕತ್ತರಿಸ್ಲೇಬೇಕಿತ್ತು ಅವರಿಗೆ." ಉಸಿರು ಬಿಟ್ಟಳು. "ಗೊತ್ತಿರೋರು ಬಂದ್ರೆ ಏನು ಹೇಳ್ಬೇಕು ಅಂತ ಕಲಿಸೋಕೆ ಒಬ್ಬರನ್ನ ಕಳಿಸ್ತೀನಿ. ಯಾವಾಗ ಅಂತ ಕೇಳ್ಬೇಡಿ."

ಮ್ಯಾಚು ಮಧ್ಯಾಹ್ನವೇ ಮುಗಿಯುತ್ತದೆ. ಸಂಜೆ ಅವನು ಮನೆಯಲ್ಲಿ ಒಬ್ಬನೇ. ಇದನ್ನು ಹೇಳಲು ಬಾಯಿ ತೆರೆದೆ. ಅದು ಅವಳಿಗೂ ಗೊತ್ತೇ ಇತ್ತು. ಥ್ಯಾಂಕ್ಸ್ ಹೇಳಿದೆ.

ಆ ಶನಿವಾರ ದೀಪ ಹತ್ತುವ ಹೊತ್ತಿಗೆ ನಾನು ಅವನ ಫ್ಲ್ಯಾಟಿನ ಎದುರಿನ ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ಬರಬೇಡ ಎಂದಿದ್ದ. ನಾನು ಅವನ ಮನೆಗೆ ಹೋಗಲಿಲ್ಲ, ಬಸ್ ನಿಲ್ದಾಣಕ್ಕೆ ಹೋದೆ. ಒಂದು ಬಸ್ಸು ನಿಂತಿತು. "ಹತ್ತಲ್ವಾ ಅಮ್ಮ?" ಎಂದ ಡ್ರೈವರ್. ಮುಂದಿನದಕ್ಕೆ ಎಂದೆ. ಮುಂದಿನ ಬಸ್ಸಿನವನಿಗೂ ಅದನ್ನೇ ಹೇಳಿದೆ. ಆ ಬೀದಿಯಲ್ಲಿ ಬರುವ ಪ್ರತಿ ಗಂಡಸಿನ ನಡಿಗೆಯನ್ನೂ ನೋಡುತ್ತಿದ್ದೆ. ಒಬ್ಬ ಅವನ ಬಾಗಿಲ ಹತ್ತಿರ ನಿಧಾನಿಸಿದ. ನಾನು ಎದ್ದು ನಿಂತೆ. ಅವನು ಬೂಟಿನ ದಾರ ಕಟ್ಟಿಕೊಂಡು ಮುಂದೆ ಹೋದ.

ರಸೆಲ್ ಪರದೆ ಎಳೆಯಲು ಕಿಟಕಿಗೆ ಬಂದ. ಕ್ಲಬ್ಬಿನ ಪಟ್ಟೆಪಟ್ಟೆ ಅಂಗಿ ಇನ್ನೂ ಮೈಮೇಲಿತ್ತು. ನನ್ನನ್ನು ಕಂಡ. ನಾನು ಕೈ ಎತ್ತಲೋ ಬೇಡವೋ ಎಂದು ಅರ್ಧಕ್ಕೆ ಎತ್ತಿ ನಿಲ್ಲಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ ಪರದೆ ಎಳೆದ. ಪರದೆಯ ಹಿಂದೆ ದೀಪ ಉರಿಯುತ್ತಲೇ ಇತ್ತು. ಅದು ಆರುವವರೆಗೂ ಕುಳಿತು, ಕೊನೆಯ ಬಸ್ಸಿನಲ್ಲಿ ಮನೆಗೆ ಬಂದೆ.

ಮರುದಿನ ರೋಸ್ಟ್ ಮಾಡಲಿಲ್ಲ. ಸಂಜೆಯವರೆಗೆ ತಡೆದುಕೊಂಡು, ಡೋರೀನ್ ಬರುವ ಹೊತ್ತಾದ ಮೇಲೆ ಫೋನ್ ಮಾಡಿದೆ. ಎತ್ತಿದ್ದು ಅವಳೇ. ಹಿಂದೆ ಟೀವಿಯ ಕ್ವಿಜ್ ಜೋರಾಗಿತ್ತು.

"ರಸೆಲ್ ಇದಾನಾ ಡೋರೀನ್?"

"ತಾಳು." ಫೋನಿಗೆ ಕೈ ಮುಚ್ಚಿದ ಸದ್ದು. ಗುಸುಗುಸು. ಮತ್ತೆ ಅವಳ ಧ್ವನಿ, ನಗು ತಡೆಯಲಾಗದೆ ನಡುಗುತ್ತಿತ್ತು. "ಏನ್ ಹೇಳ್ಲಿ ಮಾರಾಯ್ತಿ, ಅವನು ಮನೇಲಿಲ್ಲ ಅಂತ ಹೇಳು ಅಂತಿದಾನೆ ನೋಡು."

"ಸುಳ್ಳು ಹೇಳಬಾರ್ದು ಅಂತಿದ್ನಲ್ಲ."

"ಅದನ್ನೇ ಕೇಳ್ದೆ. ನಾನು ಹೇಳ್ತಿಲ್ವಲ್ಲ, ನೀನು ಹೇಳ್ತಿರೋದು ಅಂದ."

"ಸರಿ. ಬಂದ ಮೇಲೆ ಫೋನ್ ಮಾಡೋಕೆ ಹೇಳು."

ಅವಳು ಹಾಗೆಯೇ ಅವನಿಗೆ ಹೇಳಿದ್ದು ಕೇಳಿಸಿತು. ಟೀವಿಯಲ್ಲಿ ಯಾರೋ ಗೆದ್ದು ಚಪ್ಪಾಳೆಯಾಯಿತು. ಅದು ಅಡಗಿದ ಮೇಲೆ ನನ್ನ ತಮ್ಮನ ದನಿ ಸ್ಪಷ್ಟವಾಗಿ ಬಂತು.

"ಮಾಡಲ್ಲ ಅಂತ ಹೇಳು."